ಒಪ್ಪಿಗೆಯ ನೀರು

ಟಗರಿನ ಬಾಯಿ ಅಗಲಿಸಿ ಹಲ್ಲು ನೋಡಿದ ಯಂಕವ್ವನಿಗೆ ಅಳುವೇ ಬಂತು. ಒಂದೂ ಮುರಿದಿರಲಿಲ್ಲ. ಕಿವಿ ಮಡಚಿದಳು, ಗೊರಸು ಎತ್ತಿದಳು, ಎಲ್ಲಿಯೂ ಊನವೆಂಬುದಿರಲಿಲ್ಲ. ಶೇಂಗಾದ ಹೊಟ್ಟು ತಿನ್ನಿಸಿ, ವಾರವಾರವೂ ಬಿಸಿನೀರು ಹಾಕಿ ಮೈ ತಿಕ್ಕಿ ಬೆಳೆಸಿದವಳು ತಾನೇ. ಈಗ ಯಾರನ್ನು ಬೈಯಬೇಕು? ಅದರ ನಡಿಗೆಯ ಗತ್ತು ನೋಡಿ ಸಾವಕಾರ ಎಂದು ಹೆಸರಿಟ್ಟವಳೂ ಅವಳೇ.

ಮಗಳು ಸಂಘಮಿತ್ರಾ ಹಿಂದೊಮ್ಮೆ ಡೆಂಗಿ ಜ್ವರದಿಂದ ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದ್ದಾಗ ಯಂಕವ್ವ ಊರದೇವಿ ದ್ಯಾಮವ್ವನಿಗೆ ಹರಕೆ ಹೊತ್ತಿದ್ದಳು: ಮಗಳು ಎದ್ದು ಕೂತರೆ ಹಟ್ಟಿಯಲ್ಲಿ ಹುಟ್ಟುವ ಮೊದಲ ಟಗರು ನಿನ್ನದು. ಊನವಿದ್ದುದು ಬಲಿಗೆ ಸಲ್ಲದು ಎಂಬುದು ಊರ ಕಟ್ಟಳೆ. ಗಂಡ ಹೂವಪ್ಪ ಬೌದ್ಧನಾಗಿ, ಗೋಡೆಗೆ ಬುದ್ಧನ ಫೋಟೋ ಏರಿಸಿ ವರ್ಷಗಳಾಗಿದ್ದವು. ಯಂಕವ್ವ ಫೋಟೋಕ್ಕೂ ಕೈ ಮುಗಿಯುತ್ತಿದ್ದಳು, ದ್ಯಾಮವ್ವನನ್ನೂ ಬಿಟ್ಟಿರಲಿಲ್ಲ. ಮಗಳು ಎದ್ದಳು, ಧಾರವಾಡದಲ್ಲಿ ಎಂ.ಎ. ಓದಲು ಹೋದಳು, ರಜೆಗೆ ಊರಿಗೆ, ತಡಸಕ್ಕೆ ಬಂದಳು. ಹರಕೆ ತೀರಿಸುವ ಮಂಗಳವಾರವೂ ಬಂದೇಬಿಟ್ಟಿತು.

"ಬೇ, ಕೇಳಿಲ್ಲೆ," ಕಟ್ಟೆಯ ಮೇಲೆ ಪರೀಕ್ಷೆಗೆ ಓದುತ್ತಿದ್ದ ಸಂಘಮಿತ್ರಾ ಅವ್ವನನ್ನು ಕರೆದಳು. "ಹಿಂದಿನ ಕಾಲದ ಇಸ್ರಾಯೇಲ ಮಂದೀದೂ ಇದ ಕಟ್ಟಳಿ. ಚೊಚ್ಚಲ ಗಂಡು ಮರಿ ದೇವರದು. ಕುಂಟ, ಕುರುಡ, ತುರಿ ಹತ್ತಿದ್ದು ನಡೆಯೂದಿಲ್ಲಂತ."

"ಅಲ್ಲೂ ನಮ್ಮ ಉಡಚಪ್ಪನಂಥಾ ಪೂಜಾರಿ ಒಬ್ಬ ಇದ್ದ ಅನ್ನು." ಯಂಕವ್ವ ಸ್ವಲ್ಪ ಹತ್ತಿರ ಸರಿದಳು. "ಇದರ ಬದ್ಲಿ ಸಂತ್ಯಾಗಿಂದ ಬ್ಯಾರೇದು ತಂದು ಕೊಟ್ರ?"

"ಬದ್ಲಿ ಮಾಡಿದ್ರ ಎರಡೂ ದೇವರ ಪಾಲಂತ."

"ಅಯ್ಯ, ಭಾಳ ಶ್ಯಾಣ್ಯಾ ದೇವ್ರು ಬಿಡು!"

"ಸುಮ್ನ ಇದನ್ನ ಉಳಿಸ್ಕೊ ಬೇ. ದ್ಯಾಮವ್ವ ಏನ್ ಕೇಳಾಕ ಬರ್ತಾಳೇನು?"

"ಬಾಯಿ ಮುಚ್ಚು! ನಿನ್ನ ಜೀವದ ಮ್ಯಾಲೆ ಕೊಟ್ಟ ಮಾತದು."

ತನ್ನ ದನಿಗೆ ತಾನೇ ಬೆಚ್ಚಿದಳು ಯಂಕವ್ವ. ಸಾವಕಾರ ಉಳಿಯಬೇಕು, ಮಗಳಿಗೆ ಏನೂ ಆಗಬಾರದು. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಉಡಚಪ್ಪ ಬಂದ. ಮದುವೆಗೆ ಹೆಣ್ಣು ನೋಡಿದವರೂ ಅಷ್ಟು ನೋಡಿರಲಿಕ್ಕಿಲ್ಲ. ಕೊಂಬು, ಕಣ್ಣು, ಬಾಲ ಎಲ್ಲವನ್ನೂ ತಡವಿ ತಲೆದೂಗಿದ. "ಏನ್ ಬೆಳಸೀ ಯಂಕವ್ವಾ! ಇಂಥಾದ್ದು ನಾ ಕಂಡಿಲ್ಲ." ಹೊಗಳಿಕೆ ಅವಳಿಗೆ ಚೂರಿ ಇರಿದಂತಾಯಿತು.

ಇನ್ನು ಉಳಿದದ್ದು ಒಪ್ಪಿಗೆಯ ನೀರು. ಬೆನ್ನ ಮೇಲೆ ನೀರು ಬಿದ್ದಾಗ ಟಗರು ಮೈ ಕೊಡವಿದರೆ ದ್ಯಾಮವ್ವ ಒಪ್ಪಿದಳೆಂದು ಅರ್ಥ. ಕೊಡವದಿದ್ದರೆ ಅದನ್ನು ಮುಟ್ಟುವಂತಿಲ್ಲ. ಕೊಡವದ ಟಗರನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಉಡಚಪ್ಪ ಒಂದು ತಂಬಿಗೆ ಸುರುವಿದ. ಸಾವಕಾರ ಕಣ್ಣು ಮುಚ್ಚಿತು. ಇನ್ನೊಂದು ಸುರುವಿದ. ಅದು ಮಗ್ಗುಲು ತಿರುಗಿಸಿ ನಿಂತಿತು, ಈ ಕಡೆಗೂ ಆಗಲಿ ಎಂಬಂತೆ. ಪೂಜಾರಿಗೆ ಹಟ ಬಂತು. ಬಕೆಟ್ಟು ಎತ್ತಿ ಸುರುವಿದರೆ ಅದು ಕುತ್ತಿಗೆ ಚಾಚಿಕೊಟ್ಟು, ತಿಕ್ಕುವ ಕೈಗಾಗಿ ಕಾಯಿತು. ಓಣಿಯ ಮಂದಿ ಕೂಡಿ ನಗತೊಡಗಿದರು. ಮತ್ತೊಂದು ಬಕೆಟ್ಟು ಎತ್ತುವಾಗ ಉಡಚಪ್ಪನ ಕಾಲು ಕೆಸರಲ್ಲಿ ಜಾರಿ, ನೀರೆಲ್ಲ ಅವನ ಮೇಲೆಯೇ ಮಗುಚಿತು. ಚಳಿಗಾಲದ ಮುಂಜಾನೆ. ಪೂಜಾರಿ ಅಡಿಯಿಂದ ಮುಡಿಯವರೆಗೆ ಗಡಗಡ ಮೈ ಕೊಡವಿದ.

"ಆತಪ್ಪೋ ಆತು!" ನೆರೆಮನೆಯ ಫಕ್ಕೀರೇಶ ಗೋಡೆಯ ಮೇಲಿಂದ ಕೂಗಿದ. "ದ್ಯಾಮವ್ವಗ ಟಗರ ಬ್ಯಾಡಂತ, ಪೂಜಾರಪ್ಪನ ಬೇಕಂತ!"

ಉಡಚಪ್ಪ ಧೋತರ ಹಿಂಡಿಕೊಂಡ. "ಅವ್ವನ ಒಪ್ಪಿಗಿ ಇಲ್ಲ. ಹೋಳಿಗಿ ಎಡಿ ಹಿಡಿ, ಸಾಕು," ಎಂದು ಯಾರ ಮುಖವನ್ನೂ ನೋಡದೆ ನಡೆದುಬಿಟ್ಟ.

ಓಣಿ ಖಾಲಿಯಾಯಿತು. ಯಂಕವ್ವ ಗುಡಿಯ ದಿಕ್ಕಿಗೆ ಕೈ ಮುಗಿದು ನಿಂತೇ ಇದ್ದಳು. ಆಗ ಸಾವಕಾರ ನಾಲ್ಕೂ ಕಾಲು ಊರಿ, ಕೊಂಬಿನಿಂದ ಬಾಲದ ತುದಿಯವರೆಗೆ ಪಟಪಟನೆ ಮೈ ಕೊಡವಿತು. ಕಟ್ಟೆ, ಪುಸ್ತಕ, ಮಗಳ ಮುಖ, ಎಲ್ಲ ಹನಿಹನಿ.

ಯಂಕವ್ವ ಓಡಿಹೋಗಿ ಅಂಗಳದ ಬಾಗಿಲು ಮುಚ್ಚಿದಳು. "ಸಂಘಾ, ನೀ ಏನರ ನೋಡಿದೇನು?"

ಸುಳ್ಳು ಆಡಬಾರದೆಂದು ಅಪ್ಪ ಕಲಿಸಿದ ಮಗಳು ಪುಸ್ತಕ ಮುಚ್ಚಿ ಕಣ್ಣು ತಿಕ್ಕಿಕೊಂಡಳು. "ನನ್ನ ಕಣ್ಣಾಗ ನೀರು ಬಿದ್ದಾವ ಬೇ."

ಯಂಕವ್ವ ಸೆರಗಿನಿಂದ ಸಾವಕಾರನ ಬೆನ್ನು ಒರೆಸಿದಳು. ಅದೇ ಸೆರಗಿನಿಂದ ಮಗಳ ಮುಖವನ್ನೂ ಒರೆಸಿ, ಹಣೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಹಣೆ ತಣ್ಣಗಿತ್ತು.