ಅಂಗಡಿ ಮೆಟ್ಟಿಲ ಮೇಲಿನ ಭಜನೆ

ತಮಿಳುನಾಡಿನ ಗಡಿಯ ಹೊಸೂರಿನ ಆಲಸನತ್ತ ಬಡಾವಣೆಯ ರಾಮಮಂದಿರದಲ್ಲಿ ಶನಿವಾರದ ಭಜನೆ ಎಂದರೆ ಅದು ಸಾಕಮ್ಮನದೇ. ಗಂಡ ಮುನಿಕೃಷ್ಣಪ್ಪನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಮಾಲೂರು ಕಡೆಯಿಂದ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಬಂದ ವರ್ಷವೇ ಬೀದಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಹಾಡಲು ಶುರು ಮಾಡಿದವಳು ಈಗ ಹತ್ತು ಜನರ ಮಂಡಳಿಗೆ ಹಿರಿಯಳು. ಅವಳು ತಾಳ ಹಿಡಿದು ದನಿ ಎತ್ತಿದರೆ ಎದುರು ಸಾಲಿನ ಮನೆಗಳ ಬಾಗಿಲು ತೆರೆದುಕೊಳ್ಳುತ್ತಿದ್ದವು. ಕಟ್ಟುನಿಟ್ಟಿನ ಹೆಂಗಸು. ಸ್ನಾನ ಮಾಡದೆ ಒಲೆ ಹಚ್ಚಿದವಳಲ್ಲ, ಏಕಾದಶಿಯ ದಿನ ಅನ್ನ ಮುಟ್ಟಿದವಳಲ್ಲ. ಟೀವಿಯಲ್ಲಿ ಹುಡುಗ ಹುಡುಗಿ ತಬ್ಬಿಕೊಂಡರೆ ಎದ್ದು ಹೋಗಿ ಆರಿಸಿಯೇ ಬಿಡುತ್ತಿದ್ದಳು.

ಹಾಗಾಗಿ ಎರಡು ಸಾವಿರದ ಎಂಟನೇ ಇಸವಿ ಫೆಬ್ರುವರಿಯಲ್ಲಿ ಸುಬ್ರಮಣಿ ಬಂದು ಸಹಾಯ ಕೇಳಿದಾಗ ಅವಳು ಹೆಚ್ಚು ಯೋಚಿಸಲಿಲ್ಲ. ಸುಬ್ರಮಣಿ ಅವಳ ಮಂಡಳಿಯ ಮಂಗಮ್ಮನ ಮಗ. ಓರಗೆಯ ಹುಡುಗರನ್ನು ಕಟ್ಟಿಕೊಂಡು ಸದಾಚಾರ ಸಂಘ ಅಂತ ಮಾಡಿದ್ದ. ಬಂದವನು ಕಾಲು ಮುಟ್ಟಿ ನಮಸ್ಕಾರ ಮಾಡಿ ಕೂತ.

"ದೊಡ್ಡಮ್ಮ, ಬಸ್ ಸ್ಟಾಪ್ ಹತ್ರ ಉಷಾರಾಣಿ ಫ್ಯಾನ್ಸಿ ಸ್ಟೋರ್ ಐತಲ್ಲ, ಅಲ್ಲಿ ಪ್ರೇಮಿಗಳ ದಿನದ ಕಾರ್ಡು ತಂದು ನೇತಾಕವ್ಳೆ. ಕಾಲೇಜು ಹುಡ್ಗೀರೆಲ್ಲ ಅಲ್ಲೇ. ಇದೆಲ್ಲ ಪಾಶ್ಚಾತ್ಯರ ರೋಗ. ಸ್ವಾತಂತ್ರ್ಯ ಅಂತ ಹೆಸ್ರಿಟ್ಟು ನಮ್ಮ ಧರ್ಮಾನೇ ಹಾಳ್ಮಾಡ್ತಾವ್ರೆ. ಹದಿನಾಲ್ಕನೇ ತಾರೀಕು ಎಲ್ಲಾನೂ ಬೀದಿಗೆ ತಂದು ಸುಡ್ತೀವಿ. ನಿಮ್ಮ ಭಜನೆ ಮಂಡಳಿ ಮುಂದೆ ಇರ್ಬೇಕು."

"ನಾವ್ಯಾಕಪ್ಪ ಮುಂದೆ?"

"ಹೆಂಗಸ್ರು ಮುಂದಿದ್ರೆ ಪೊಲೀಸ್ರು ಕೈ ಮಾಡಲ್ಲ, ದೊಡ್ಡಮ್ಮ."

ಆ ಮಾತು ಸಾಕಮ್ಮನಿಗೆ ಹಿಡಿಸಲಿಲ್ಲ. ಆದರೂ ಬರುತ್ತೇನೆ ಎಂದಳು. ಕಾರ್ಡುಗಳ ವಿಷಯದಲ್ಲಿ ಅವಳ ಮನಸ್ಸೂ ಅದೇ ಆಗಿತ್ತಲ್ಲ.

ಹದಿನಾಲ್ಕರ ಹಿಂದಿನ ದಿನ ಅವಳಿಗೆ ಸಮಾಧಾನವಾಗಲಿಲ್ಲ. ಒಬ್ಬಳ ಮೇಲೆ ಗುಂಪು ಕಟ್ಟಿಕೊಂಡು ಹೋಗುವ ಮೊದಲು ಅವಳಿಗೊಂದು ಮಾತು ಹೇಳಬೇಕು ಅನ್ನಿಸಿ, ಸಂಜೆ ಒಬ್ಬಳೇ ಅಂಗಡಿಗೆ ಹೋದಳು. ಉಷಾರಾಣಿ ಮೂವತ್ತು ದಾಟಿದ, ಗಂಡ ಬಿಟ್ಟುಹೋದ ಹೆಂಗಸು. ಬಳೆ, ಟೇಪು, ನೋಟ್‌ಬುಕ್ಕುಗಳ ನಡುವೆ ಕೂತಿದ್ದಳು. ತಲೆಯ ಮೇಲೆ ದಾರಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಕೆಂಪು ಕಾರ್ಡುಗಳು.

"ನೋಡಮ್ಮ, ನಂಗಿದು ಹಿಡಿಸ್ಲಿಲ್ಲ," ಎಂದಳು ಸಾಕಮ್ಮ ನೇರವಾಗಿ. "ವಯಸ್ಸಿನ ಮಕ್ಳ ತಲೆ ಕೆಡ್ತದೆ. ತೆಗೆದು ಒಳಗಿಡು."

ಉಷಾರಾಣಿ ರೇಗಲಿಲ್ಲ. ಸ್ಟೂಲು ಮುಂದಕ್ಕೆ ತಳ್ಳಿದಳು. "ಕೂತ್ಕೊಳಿ ಅಕ್ಕ. ನಾಳೆ ಬತ್ತಾರೆ ಅಂತ ಗೊತ್ತು. ಹೆದರ್ಕೊಂಡು ತೆಗೀಬೋದು. ತೆಗುದ್ರೆ ನಾನು ಒಳ್ಳೇವಳಾಗ್ಬುಡ್ತೀನಾ? ಹೆದರ್ದೋಳು ಅಷ್ಟೇ ಆಯ್ತೀನಿ." ಆಮೇಲೆ ಕೇಳಿದಳು: "ನೀವು ಭಜನೆ ಹಾಡ್ತೀರಲ್ಲ, ನಿಮ್ಮನ್ನ ಯಾರಾದ್ರೂ ಕೈ ಹಿಡ್ಕೊಂಡು ಎಳ್ಕೊಂಡು ಹೋಗಿ ಕೂರಿಸಿದ್ರಾ?"

ಸಾಕಮ್ಮ ಅಂಗಡಿಯ ಮೆಟ್ಟಿಲಿಳಿದು ಹೊರಟಳು. ಮನೆಯವರೆಗೂ ಆ ಪ್ರಶ್ನೆ ಜೊತೆಯಲ್ಲೇ ನಡೆದು ಬಂತು.

ಎಳೆದುಕೊಂಡು ಹೋಗುವ ಮಾತೆಲ್ಲಿ ಬಂತು, ತಡೆದಿದ್ದರು! ಮದುವೆಯಾದ ಹೊಸತು. ಹಳ್ಳಿಯ ಗುಡಿಯಲ್ಲಿ ಗಂಡಸರು ಮಾತ್ರ ಹಾಡುತ್ತಿದ್ದರು. ತಾಯಿಯಿಂದ ಕಲಿತ ಪದಗಳು ಎದೆಯಲ್ಲಿ ನಿಲ್ಲದೆ ಅವಳು ಒಂದು ಶನಿವಾರ ಹೋಗಿ ಗುಡಿಯ ಬಾಗಿಲ ಪಕ್ಕ ಕೂತು ದನಿಗೂಡಿಸಿದ್ದಳು. ಮಾವ ಚಿಕ್ಕಮುನಿಯಪ್ಪ ಮನೆಗೆ ಬಂದು ಕೂಗಾಡಿದ್ದ: "ಹೆಂಗಸು ಗುಡೀಲಿ ಬಾಯಿ ತೆಗುದ್ರೆ ಧರ್ಮ ಉಳಿತದಾ?" ಮೂರು ದಿನ ಅವಳ ಕೈಯ ನೀರು ಮುಟ್ಟಿರಲಿಲ್ಲ. ಅವಳು ಅತ್ತಿದ್ದಳು. ಆದರೆ ಮುಂದಿನ ಶನಿವಾರ ಮತ್ತೆ ಹೋಗಿದ್ದಳು, ಅದರ ಮುಂದಿನ ಶನಿವಾರವೂ. ದೇವರು ತನ್ನವನಾದದ್ದು ಆ ಬಾಗಿಲ ಪಕ್ಕದಲ್ಲೇ ಎಂದು ಇಷ್ಟು ವರ್ಷದ ಮೇಲೆ ಅವಳಿಗೆ ಈಗ ಹೊಳೆಯಿತು.

ಬೆಳಗಾಗುತ್ತಲೇ ಮಂಗಮ್ಮನ ಮನೆಗೆ ಹೋಗಿ, ಆಮೇಲೆ ಉಳಿದ ಎಂಟು ಮನೆಗಳಿಗೂ ಹೋಗಿ ಮಾತಾಡಿದಳು. ಬರಲಾರೆ ಎಂದು ಒಬ್ಬರೂ ಅನ್ನಲಿಲ್ಲ.

ಹತ್ತು ಗಂಟೆಗೆ ಮೆರವಣಿಗೆ ಹೊರಟಿತು. ಮುಂದೆ ತಾಳ ಹಿಡಿದ ಹತ್ತು ಹೆಂಗಸರು, ಹಿಂದೆ ಜಯಕಾರ ಹಾಕುವ ಮೂವತ್ತು ಹುಡುಗರು, ಒಬ್ಬನ ಕೈಯಲ್ಲಿ ಸೀಮೆಎಣ್ಣೆ ಕ್ಯಾನು. ಅಂಗಡಿ ಬಂದಾಗ ಉಷಾರಾಣಿ ಬಾಗಿಲಲ್ಲಿ ನಿಂತಿದ್ದಳು, ಮುಖ ಬಿಳಿಚಿತ್ತು. ಕಾರ್ಡುಗಳು ಹಾಗೇ ನೇತಾಡುತ್ತಿದ್ದವು. ಸಾಕಮ್ಮ ಮೂರು ಮೆಟ್ಟಿಲು ಹತ್ತಿ ಬೀದಿಯ ಕಡೆ ತಿರುಗಿ ಪದ್ಮಾಸನ ಹಾಕಿ ಕೂತಳು. ಒಂಬತ್ತು ಹೆಂಗಸರು ಅವಳ ಎಡಬಲಕ್ಕೆ ಮೆಟ್ಟಿಲ ತುಂಬ ಕೂತರು. ಒಳಗೆ ಹೋಗಲು ಇಲಿಗೂ ದಾರಿ ಉಳಿಯಲಿಲ್ಲ.

ಧರಣಿ ಅಂದುಕೊಂಡು ಹುಡುಗರು ಚಪ್ಪಾಳೆ ತಟ್ಟಿದರು. ಸಾಕಮ್ಮ ರಾಮನಾಮ ಎತ್ತಿದಳು. ಒಂದು ಪದ ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದಕ್ಕೆ ಸುಬ್ರಮಣಿಗೆ ಅನುಮಾನ ಬಂತು.

"ದೊಡ್ಡಮ್ಮ, ಸಾಕು, ಏಳಿ. ನಾವು ಒಳಕ್ಕೋಗ್ಬೇಕು."

"ಒಳಗೇನೈತಪ್ಪ ನಿಂದು?"

"ಆ ಕಾರ್ಡು! ತಪ್ಪು ಅಂತ ನೀವೂ ಅಂದ್ರಲ್ಲ?"

"ಅಂದೆ, ಈಗ್ಲೂ ಅಂತೀನಿ. ನಿನ್ನೆ ಬಂದು ಅವಳ ಮುಖಕ್ಕೇ ಹೇಳ್ದೆ. ಅವಳು ಒಪ್ಲಿಲ್ಲ. ನನ್ನ ಕೆಲ್ಸ ಅಲ್ಲಿಗೆ ಮುಗೀತು. ಸೀಮೆಎಣ್ಣೆ ಹಾಕಿ ಒಪ್ಸೋದು ಯಾವ ಧರ್ಮ ಕಣ್ಲಾ?"

"ಇದೆಲ್ಲ ಸ್ವಾತಂತ್ರ್ಯದ ಹುಚ್ಚು, ದೊಡ್ಡಮ್ಮ! ಫಾರಿನ್ನೋರ್ದು!"

ಸಾಕಮ್ಮ ತಾಳ ಮಡಿಲಲ್ಲಿಟ್ಟಳು. ಅವಳ ದನಿ ರಸ್ತೆಯಾಚೆಯ ಟೀ ಅಂಗಡಿಗೂ ಕೇಳಿಸಿತು.

"ನಂಗೆ ಹದಿನೆಂಟು ವರ್ಷ ಇದ್ದಾಗ, ಹೆಂಗಸು ಹಾಡ್ಬಾರ್ದು ಅಂತ ನಮ್ಮ ಮಾವ ಅಂದ. ನಾನು ಹಾಡ್ದೆ. ಆವಾಗ ನಾನು ಬೆಂಗಳೂರೇ ನೋಡಿರ್ಲಿಲ್ಲ ಕಣ್ಲಾ, ಫಾರಿನ್ ಎಲ್ಲಿಂದ ಬರ್ಬೇಕು? ನಾನಾಗೇ ಬಗ್ಗಿ ಕೈ ಮುಗುದ್ರೆ ಅದು ಭಕ್ತಿ. ನೀನು ಕುತ್ತಿಗೆ ಹಿಡ್ದು ಬಗ್ಸಿದ್ರೆ ದೇವ್ರಿಗೆ ಅದು ಬೇಕಾಗಿಲ್ಲ. ಹೋಗು, ನಿನ್ನ ಮಾತ್ನಾಗೆ ಸತ್ಯ ಇದ್ರೆ ಕಾಲೇಜು ಮಕ್ಳ ಜೊತೆ ಕೂತು ಮಾತಾಡು. ಕೇಳಿದ್ರೆ ಕೇಳ್ತವೆ."

ಸುಬ್ರಮಣಿ ಮುಖ ಕೆಂಪಾಗಿಸಿಕೊಂಡು ಒಂದು ಮೆಟ್ಟಿಲು ಹತ್ತಿದ. ಅಲ್ಲಿ ಕೂತಿದ್ದವಳು ಅವನ ತಾಯಿ ಮಂಗಮ್ಮ.

"ಲೋ, ನನ್ನ ದಾಟ್ಕೊಂಡು ಹೋಯ್ತೀಯಾ? ಹೋಗು ನೋಡಾನ!"

ಕಾಲು ಅಲ್ಲೇ ನಿಂತಿತು. ಟೀ ಅಂಗಡಿಯ ಕಡೆಯಿಂದ ಯಾರೋ ನಕ್ಕರು. ಅಷ್ಟರಲ್ಲಿ ಬೈಕಿನಲ್ಲಿ ಬಂದ ಪೊಲೀಸಿನವನು, "ಎನ್ನಮ್ಮಾ ನಡಕ್ಕುದು ಇಂಗೆ?" ಎಂದು, ಇಲ್ಲೇನು ನಡೆಯುತ್ತಿದೆ ಅಂತ ತಮಿಳಿನಲ್ಲಿ ಗದರಿದ. "ಭಜನೆ ಸಾರ್, ಉಕ್ಕಾರುಂಗೊ!" ಎಂದು ಮಂಗಮ್ಮ ಅವನಿಗೂ ಕೂರಲು ಜಾಗ ತೋರಿಸಿದಳು. ಅವನಿಗೂ ನಗು ತಡೆಯಲಾಗಲಿಲ್ಲ.

ಸಾಕಮ್ಮ ಮತ್ತೆ ತಾಳ ಎತ್ತಿದಳು. ಈ ಸಲದ ದನಿ ಅವಳಿಗೇ ಹೊಸದಾಗಿತ್ತು. ಸಿಟಿ ಬಸ್ಸಿನಿಂದ ಇಳಿದ ಹೆಂಗಸರು ಚೀಲ ಕೆಳಗಿಟ್ಟು ದನಿಗೂಡಿಸಿದರು. ಶಿಫ್ಟ್ ಮುಗಿಸಿ ಯೂನಿಫಾರಂನಲ್ಲೇ ಬಂದ ಕಾರ್ಖಾನೆಯ ಹುಡುಗಿಯರು ನಿಂತಲ್ಲೇ ಚಪ್ಪಾಳೆಯ ತಾಳ ಹಾಕಿದರು. ಸಂಘದ ಹುಡುಗರು ಒಬ್ಬೊಬ್ಬರಾಗಿ ಜಾರಿಕೊಂಡರು. ನಾಲ್ಕೈದು ಜನ ಮಾತ್ರ ನಾಚುತ್ತಲೇ ನೆಲದ ಮೇಲೆ ಕೂತು ತಲೆದೂಗಿದರು. ಕ್ಯಾನು ಹಿಡಿದವನು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಮನೆಯ ದಾರಿ ಹಿಡಿದ. ಸುಬ್ರಮಣಿ ಬಹಳ ಹೊತ್ತು ಒಂಟಿಯಾಗಿ ನಿಂತಿದ್ದ. ಕೊನೆಗೆ ಬಂದು ಸಾಕಮ್ಮನಿಗೆ, "ನಿಮ್ಮ ಗಂಟಲು ಒಣಗೈತೆ ದೊಡ್ಡಮ್ಮ, ನೀರು ತರ್ಲಾ?" ಎಂದ.

"ತಾರಪ್ಪ, ಎಲ್ರಿಗೂ ತಾ."

ಮಧ್ಯಾಹ್ನ ಮಂಗಳ ಹಾಡಿ ಎದ್ದಾಗ ಉಷಾರಾಣಿ ಅವಳ ಕೈ ಹಿಡಿದು ಅತ್ತುಬಿಟ್ಟಳು. "ಅಳ್ಬೇಡ ಕಣಮ್ಮ," ಎಂದಳು ಸಾಕಮ್ಮ. "ಆ ಕಾರ್ಡು ನಂಗೆ ಈಗ್ಲೂ ಹಿಡಿಸಲ್ಲ, ತಿಳ್ಕೊ. ಶನಿವಾರ ಗುಡಿಗೆ ಬಾ, ಜಗಳ ಆಡಾನ."

ಇಬ್ಬರೂ ನಕ್ಕರು.

ಹತ್ತು ಹೆಂಗಸರು ಸೆರಗು ಬಿಗಿದು, ರಸ್ತೆಯ ಅಗಲಕ್ಕೂ ಸಾಲಾಗಿ ಮನೆಯ ಕಡೆ ನಡೆದರು. ಹಿಂದೆ ಬಂದ ಷೇರ್ ಆಟೋದವನು ಹಾರನ್ ಒತ್ತಲು ಹೋದವನು ಕೈ ಹಿಂದೆಗೆದು, ಅವರು ತಿರುವು ದಾಟುವವರೆಗೂ ನಿಧಾನವಾಗಿ ಹಿಂಬಾಲಿಸಿದ.