ಅಗಲ ಬಾಯಿಯ ಉಡುಗೊರೆ

ಬೀದರಿನಿಂದ ಸಮುದ್ರ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ನಮ್ಮ ಅಡುಗೆಮನೆಯಿಂದ ನಡುಮನೆಯಷ್ಟು ದೂರ ಎಂದು ನಾನು ಹೇಳುತ್ತೇನೆ. ನಮ್ಮ ಮೈಲೂರು ಬಡಾವಣೆಯಲ್ಲಿ ಮನೆ ಕಟ್ಟಿಸಿದವರು ಶೋಕೇಸ್ ಇಡುತ್ತಾರೆ, ಗೋಡೆಯಗಲದ ಟಿವಿ ಇಡುತ್ತಾರೆ. ನನ್ನ ಗಂಡ ಅನೀಲಕುಮಾರ ಸಮುದ್ರ ಇಟ್ಟ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದಕ್ಕೆ ಪಾರ್ಸೆಲ್‌ನಲ್ಲಿ ಬರುವ ಬೇರೆಯೇ ಉಪ್ಪು, ಉಪ್ಪಿನ ಹದ ನೋಡಲು ಮೀಟರು, ಚಳಿಗೆ ಹೀಟರು, ಅಲೆಗೆ ಪಂಪು, ಕರೆಂಟು ಹೋದರೆ ಇನ್ವರ್ಟರು. ಮೇ ತಿಂಗಳಲ್ಲಿ ನಾನು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರೆ ಇನ್ವರ್ಟರಿನ ಕರೆಂಟೆಲ್ಲ ಮೀನುಗಳಿಗೆ ಹೋಗುತ್ತಿತ್ತು. ಸವತಿಯನ್ನು ಗಾಜಿನೊಳಗಿಟ್ಟು ನೋಡುವ ಭಾಗ್ಯ ಎಲ್ಲ ಹೆಂಗಸರಿಗೂ ಸಿಗುವುದಿಲ್ಲ.

ಅನೀಲ ಊರಂಚಿನ ಕೊಳಾರದ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪರೀಕ್ಷಿಸುವ ಕೆಲಸ ಮಾಡುತ್ತಾನೆ. ಅಳೆಯದೆ ತೂಗದೆ ನೀರೂ ಕುಡಿಯುವವನಲ್ಲ. ಇಷ್ಟೆಲ್ಲ ದರಬಾರು ಮಾಡಿ ತೊಟ್ಟಿಯಲ್ಲಿ ಸಾಕಿದ್ದು ನಾಲ್ಕೇ ಜೀವ: ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಕಿರುಬೆರಳಷ್ಟು ಉದ್ದದ ಒಂದು ಹಳದಿ ಮೀನು, ಒಂದು ಸೀಗಡಿ.

"ಇನ್ನೊಂದೆರಡು ತರಬಾರ್ದೇನ್ರಿ? ತೊಟ್ಟಿ ಭಣಭಣ ಅನ್ಲತ್ತದ," ಎಂದು ನಾನೊಮ್ಮೆ ಕೇಳಿದ್ದೆ.

"ಯಾರು ಯಾರ ಜೋಡಿ ಇರ್ತಾರ ನೋಡ್ಬೇಕಾಗ್ತದ ಮೇಘಾ. ಸಮುದ್ರದಾಗ ಜಗಳಾದ್ರ ಓಡಿಹೋಗ್ಲಿಕ್ಕೆ ಜಾಗ ಇರ್ತದ. ಇಲ್ಲಿ ಎಲ್ಲಿ ಓಡ್ತಾವ?" ಎಂದ. ನಮ್ಮ ಮದುವೆಗೂ ಅವನು ಇಷ್ಟು ವಿಚಾರ ಮಾಡಿರಲಿಲ್ಲ.

ಇನ್ನು ನನ್ನ ಮಾವ ದತ್ತಾತ್ರಿ. ಔರಾದ ತಾಲ್ಲೂಕಿನವರು, ಕುರಿಗಳ ನಡುವೆಯೇ ಹುಟ್ಟಿ ಬೆಳೆದವರು, ಈಗಲೂ ಹಿಂಡು ಇಟ್ಟಿದ್ದಾರೆ. ಅವರ ಮನೆತನದಲ್ಲಿ ಒಂದು ಪದ್ಧತಿ ಉಂಟು. ಮಕ್ಕಳು ಹೊಸ ಮನೆ ಹೂಡಿದರೆ ಹಿರಿಯರು ಒಂದು ಕುರಿಮರಿ ಕೊಡಬೇಕು. ಆ ಮರಿ ಹೊಸ ಮನೆಯ ಹಿಂಡಿನಲ್ಲಿ ಕೂಡುವವರೆಗೆ ಕೊಟ್ಟವರು ಅಲ್ಲಿ ತುತ್ತು ಎತ್ತುವಂತಿಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ಮಾವ ಹೆಗಲ ಮೇಲೆ ಮರಿ ಹೊತ್ತುಕೊಂಡೇ ಬಂದರು. ಗಂಡ ಮಹಾಶಯ ಅಂಗಿಯ ಇಸ್ತ್ರಿ ಕೆಡದಂತೆ ಹಿಂದೆ ಸರಿದು, "ಇಲ್ಲಿ ಎಲ್ಲಿ ಕಟ್ಟೂದಪ್ಪಾ, ವಾಪಸ್ ಒಯ್ಯಿ," ಎಂದ.  ಮಾವ ಮರಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಹೋಗಿ ಬಸ್ ಹತ್ತಿದರು. ಆಮೇಲೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ನೀರು ಬಿಟ್ಟು ಏನನ್ನೂ ಮುಟ್ಟಿಲ್ಲ. ಊಟಕ್ಕೆ ಕರೆದರೆ "ಆಗ್ಯಾದವ್ವ" ಎನ್ನುತ್ತಿದ್ದರು. ಹೊಟ್ಟೆ ಗುಡುಗುಡು ಎನ್ನುವುದು ನನಗೇ ಕೇಳಿಸುತ್ತಿತ್ತು.

ಅನೀಲ ಹೊರಗೆ ತೋರಿಸಿಕೊಳ್ಳುವವನಲ್ಲ. ಆದರೆ ಅಪ್ಪ ಬರುವ ದಿನ ತಾನೇ ಹೋಗಿ ಅವರಿಗೆ ಸೇರುವ ಪುಂಡಿಪಲ್ಯದ ಸೊಪ್ಪು ತರುತ್ತಿದ್ದ, ಅಪ್ಪ ಹೋದ ಮೇಲೆ ತಾನೂ ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದ. ಅಪ್ಪ ಉಣ್ಣದ ಮನೆ ಅವನಿಗೆ ಮನೆ ಅನ್ನಿಸುತ್ತಿರಲಿಲ್ಲ. ತಪ್ಪಾಯಿತಪ್ಪಾ ಎಂದು ಒಂದು ಮಾತು ಅಂದಿದ್ದರೆ ಚಹಾ ಕುದಿಯುವುದರೊಳಗೆ ಮುಗಿಯುವ ಕೆಲಸ. ಆದರೆ ಇಬ್ಬರೂ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವ ಪೈಕಿ. ನನಗೆ ಇಬ್ಬರ ಮೇಲೂ ಸಿಟ್ಟಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಭಾಲ್ಕಿಯಿಂದ ನಮ್ಮ ಅವ್ವನ ಫೋನು ಬಂತು.

"ನಿಮ್ಮ ಮಾವ ಇಲ್ಲಿಗಿ ಬಂದಾರ. ಕೈಯಾಗ ಪ್ಲಾಸ್ಟಿಕ್ ಚೀಲ, ಚೀಲದಾಗ ಒಂದು ಮೀನ. ಅಳಿಯಗ ಕೊಡ್ಲಿಕ್ಕೆ ಒಯ್ಲತ್ತಾರಂತ, ಬೀಗರಿಗಿ ತೋರಿಸಿ ಹೋಗ್ಬೇಕಂತ ಸುತ್ತು ಹಾಕಿ ಬಂದಾರ. ಮೇಘಾ, ಅದರ ಬಾಯಿ ನೋಡಿ ನನಗ ಅಂಜಿಕಿ ಬಂತವ್ವಾ."

ಆಮೇಲೆ ಕಥೆಯೆಲ್ಲ ಗೊತ್ತಾಯಿತು. ಮಗ ಕುರಿ ಕಟ್ಟುವುದಿಲ್ಲ, ಮೀನು ಕಟ್ಟುತ್ತಾನೆ. ಸರಿ, ಮೀನೇ ಕೊಡೋಣ ಎಂದು ಮಾವ ಲೆಕ್ಕ ಹಾಕಿದ್ದಾರೆ. ಔರಾದಿನಿಂದ ಹೈದರಾಬಾದಿಗೆ ತರಕಾರಿ ಗಾಡಿ ಹೊಡೆಯುವ ಖಾಸಿಂ ಅಲಿಗೆ ಹೇಳಿದ್ದಾರೆ. ಅವನು ಅಲ್ಲಿನ ಮೀನಿನ ಅಂಗಡಿಯಲ್ಲಿ ನಿಂತು ವಿಡಿಯೋ ಕಾಲ್ ಮಾಡಿದ್ದಾನೆ. ಮಾವ ಔರಾದಿನ ಕಟ್ಟೆಯ ಮೇಲೆ ಕೂತು ಟಗರು ಆರಿಸುವ ಹಾಗೆ ಮೀನು ಆರಿಸಿದ್ದಾರೆ. ಎದೆ ಅಗಲ ಇರಬೇಕು. ಕಣ್ಣು ಚುರುಕಿರಬೇಕು. ಬಾಯಿ ದೊಡ್ಡದಿರಬೇಕು, ಬಾಯಿ ದೊಡ್ಡದಿದ್ದರೆ ಮೇವು ಚೆನ್ನಾಗಿ ತಿನ್ನುತ್ತದೆ. ಅಂಗಡಿಯವನು ಚಿಕ್ಕ ಚಿಕ್ಕ ಮೀನು ತೋರಿಸಿದರೆ, "ಇವೇನು ರೋಗದ ಮರಿ! ಒಳ್ಳೆ ಮಾಲ್ ತೋರ್ಸಂತ ಹೇಳು ಖಾಸಿಂ," ಎಂದರಂತೆ.

ಕೊಡುಗೆ ಕೊಡುವವರ ಮನೆಯಿಂದಲೇ ಹೊರಡಬೇಕಾದ್ದರಿಂದ ಆ ಮೀನು ಬೀದರನ್ನು ದಾಟಿ ಔರಾದಿಗೆ ಹೋಯಿತು. ಅಲ್ಲಿ ನಮ್ಮ ಅತ್ತೆ ಹೀರಾಬಾಯಿ ಚೀಲಕ್ಕೆ ಕುಂಕುಮ ಹಚ್ಚಿ ಆರತಿ ಬೆಳಗಿದರು. ಅಲ್ಲಿಂದ ಭಾಲ್ಕಿ, ಭಾಲ್ಕಿಯಿಂದ ಬೀದರ. ಅಷ್ಟು ತಿರುಗಾಡಿದ ಮೀನು ನಮ್ಮ ಜಿಲ್ಲೆಯಲ್ಲಿ ಬೇರೊಂದಿಲ್ಲ.

ಮಾವ ಮಧ್ಯಾಹ್ನಕ್ಕೆ ಬಂದರು. ಬಿಳಿ ಧೋತ್ರ, ಹೊಸ ರುಮಾಲು, ಎರಡೂ ಕೈಯಲ್ಲಿ ಚೀಲ. ಚೀಲದೊಳಗೆ ಅಂಗೈಗಿಂತ ಉದ್ದದ ಬಿಳಿ ಮೀನು, ಮೈತುಂಬ ಕಪ್ಪು ಚುಕ್ಕಿ. ನೋಡಲು ಚೆಂದವೇ ಇತ್ತು. ಬಾಯಿ ಮಾತ್ರ ಮುಖದ ತುಂಬ ಇತ್ತು.

ಅನೀಲನ ಮುಖ ಸುಣ್ಣದಂತಾಯಿತು. ಅವನು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಬಂದು ಪಿಸುಗುಟ್ಟಿದ.

"ಗ್ರೂಪರ್ ಅದು, ಮೇಘಾ. ಬಾಯಾಗ ಹಿಡಿಯೂದೆಲ್ಲಾ ನುಂಗ್ತದ. ನಮ್ಮ ಮೀನ ಅದಕ್ಕ ಒಂದೊಂದು ತುತ್ತು."

"ಹಾಂಗಂತ ಹೇಳ್ರಿ ಅವರಿಗಿ."

"ಎರಡನೇ ಸಲ ವಾಪಸ್ ಒಯ್ಯಿ ಅನ್ಲೇನು? ಮತ್ತ ಈ ಹೊಸ್ತಿಲ ತುಳೀತಾರೇನು ಅವರು?"

 ಅವನು ಹಣೆ ಒರೆಸಿಕೊಂಡು ಹೊರಗೆ ಹೋದ.

"ಅಪ್ಪಾ, ಹೊಸಾ ಮೀನ ಒಂದು ತಿಂಗಳು ಬ್ಯಾರೆ ಇಡ್ಬೇಕಾಗ್ತದ. ರೋಗ ಗೀಗ ಇದ್ರ ಗೊತ್ತಾಗ್ತದ," ಎಂದು ಶುರು ಮಾಡಿದ.

"ನಾವೂ ಇಡ್ತೀವಿ," ಎಂದರು ಮಾವ. "ಸಂತಿ ಕುರಿ ತಂದ್ರ ಇಡ್ತೀವಿ. ಇದೇನು ಸಂತಿ ಮಾಲೇನು? ಮನಿ ಕೊಡುಗಿ ಅದ. ಬಂದ ದಿನಾನೇ ಕೂಡ್ಬೇಕು."

"ಹಾಂಗಾದ್ರ ನೀ ಜರಾ ಊಟಾ ಮಾಡು, ಆಮ್ಯಾಲ..."

"ಕೂಡ್ಲಿ ಮೊದಲ. ಆಮ್ಯಾಲ ಉಣ್ತೇನಿ."

ಉಣ್ತೇನಿ! ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಸೌಟು ನಿಂತಿತು. ನಾಲ್ಕು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದಿರಲಿಲ್ಲ. ಅನೀಲನ ಕಣ್ಣು ಒಮ್ಮೆ ಅಪ್ಪನ ಕಡೆ, ಒಮ್ಮೆ ತೊಟ್ಟಿಯ ಕಡೆ ಹೋಗಿ ಬಂತು.

ಅವನು ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟ. ಎರಡೂ ನೀರಿನ ಬಿಸಿ ಸಮ ಆಗಬೇಕು ಎಂದ. ಆಮೇಲೆ ತೊಟ್ಟಿಯ ನೀರನ್ನು ಚೀಲದೊಳಗೆ ಸ್ವಲ್ಪ ಸ್ವಲ್ಪ ಬಿಟ್ಟ, ಉಪ್ಪು ಸಮ ಆಗಬೇಕು ಎಂದ. ಅದು ಸುಳ್ಳಲ್ಲ. ಆದರೆ ಅಷ್ಟು ನಿಧಾನವಾಗಿ ಅವನು ಯಾವತ್ತೂ ಮಾಡಿದ್ದಿಲ್ಲ. ಮಾವ ಹಸಿದ ಹೊಟ್ಟೆಯಲ್ಲಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನಡುವೆ ಅವರು ಸೊಂಟದಿಂದ ದೇವರ ಭಂಡಾರದ ಅರಿಶಿನ ಪುಡಿ ತೆಗೆದು, ಹೊಸ ಕುರಿ ಕೂಡಿಸುವಾಗ ಮಾಡುವಂತೆ ಎಲ್ಲ ಮೀನಿಗೂ ಒಂದೇ ವಾಸನೆ ಬರುವಂತೆ ನೀರಿಗೆ ಹಾಕಬೇಕು, ಆಗ ಕಾದಾಡುವುದಿಲ್ಲ ಎಂದಾಗ ಅನೀಲ ಬಿದ್ದೇಬಿಡುತ್ತಾನೆ ಅನ್ನಿಸಿತು. ನಾನೇ ಮುಂದೆ ಹೋಗಿ ಆ ಭಂಡಾರ ಇಸಿದುಕೊಂಡು ಗಾಜಿನ ಹೊರಗೆ ನಾಲ್ಕೂ ಮೂಲೆಗೆ ಹಚ್ಚಿದೆ.

ಕೊನೆಗೆ ಅನೀಲ ನನ್ನ ತರಕಾರಿ ಇಡುವ ಪ್ಲಾಸ್ಟಿಕ್ ಜಾಲಿಯನ್ನೇ ತಂದು ತೊಟ್ಟಿಯ ನಡುವೆ ಅಡ್ಡ ನಿಲ್ಲಿಸಿ, ಒಂದು ಕಡೆ ಗ್ರೂಪರನ್ನು ಬಿಟ್ಟ.

"ಇದೇನು?" ಎಂದರು ಮಾವ.

"ಸ್ವಲ್ಪ ದಿನಾ ಅಡ್ಡ ಇರ್ಲಿ ಅಂತ..."

"ಕೂಡ್ಸೂದಂದ್ರ ಕೂಡ್ಸೂದು. ಜೇಲದಾಗ ಹಾಕಿದ್ರ ಕೂಡ್ಸಿದಂಗ ಆಗ್ತದೇನು?" ಅವರ ದನಿ ಏರಲಿಲ್ಲ. ಆದರೆ ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು, ಕೈ ರುಮಾಲಿಗೆ ಹೋಗಿತ್ತು.

ಅನೀಲ ಜಾಲಿ ತೆಗೆದ.

ನನಗೆ ತಡೆಯಲಾಗಲಿಲ್ಲ. "ಮಾವಾ, ಆ ಮೀನ ಏನದಲ್ಲ..." ಎಂದು ಬಾಯಿ ತೆರೆದೆ. ಅನೀಲ ನನ್ನತ್ತ ಒಂದು ನೋಟ ನೋಡಿದ. ಗದರಿಸುವ ನೋಟವಲ್ಲ, ಕೈಮುಗಿಯುವ ನೋಟ. "...ಭಾಳ ಚಂದ ಅದ್ರಿ," ಎಂದು ಮುಗಿಸಿ ರೊಟ್ಟಿ ಬಡಿಯಲು ಒಳಗೆ ಹೋದೆ. ಆ ದಿನ ನನ್ನ ರೊಟ್ಟಿಗಳು ತೆಳ್ಳಗಾದವು, ಅಷ್ಟು ಸಿಟ್ಟಿನಿಂದ ಬಡಿದಿದ್ದೆ.

ಗ್ರೂಪರ್ ಕಲ್ಲಿನ ಮರೆಯಲ್ಲಿ ಸದ್ದಿಲ್ಲದೆ ನಿಂತಿತು. "ನೋಡು, ಹ್ಯಾಂಗ ಗರೀಬನಂಗ ನಿಂತದ," ಎಂದು ಮಾವ ಸಂತೋಷದಿಂದ ಕೈಕಾಲು ತೊಳೆದುಕೊಂಡು ತಟ್ಟೆಯ ಮುಂದೆ ಕೂತರು. ಅನೀಲ ಅವರಿಗೆ ತೊಟ್ಟಿಗೆ ಬೆನ್ನು ಮಾಡಿಯೇ ಮಣೆ ಹಾಕಿದ್ದ. ತಾನು ಎದುರಿಗೆ ಕೂತ.

ಮಾವ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಮೊದಲ ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. "ಖಾರ ಬರಾಬರ್ ಅದ," ಎಂದರು.  ಅದೇ ಹೊತ್ತಿಗೆ ತೊಟ್ಟಿಯಲ್ಲಿ ಗ್ರೂಪರ್ ಮರೆಯಿಂದ ಹೊರಗೆ ಬಂತು. ಬಾಯಿ ತೆರೆಯಿತು, ಮುಚ್ಚಿತು. ಒಂದು ಕಿತ್ತಳೆ ಮೀನು ಇದ್ದ ಜಾಗದಲ್ಲಿ ಬರೀ ನೀರಿತ್ತು.

"ಇನ್ನೊಂದು ರೊಟ್ಟಿ ಹಾಕವ್ವಾ," ಎಂದರು ಮಾವ.

ನಾನು ಹಾಕಿದೆ. ಅನೀಲ ಅಪ್ಪನ ತಟ್ಟೆಗೆ ಶೇಂಗಾ ಹಿಂಡಿ ನೀಡಿದ, ಮೊಸರು ನೀಡಿದ, ಮತ್ತೆ ಹಿಂಡಿ ನೀಡಿದ. ಅವನ ಕಣ್ಣಲ್ಲಿ ನೀರಿತ್ತು, ಅದು ಸಂತೋಷದ್ದೋ ದುಃಖದ್ದೋ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಮೂರು ವರ್ಷ ತೂಗಿ ಅಳೆದು ಸಾಕಿದ ಮೀನು ಒಂದು ತುತ್ತಾಗಿತ್ತು, ಅಪ್ಪ ಮೂರನೇ ರೊಟ್ಟಿಗೆ ಕೈ ಹಾಕಿದ್ದರು. ನನಗೂ ಸಂಕಟವಾಯಿತು. ಸವತಿಯಾದರೂ ದಿನಾ ಮುಖ ನೋಡಿದ ಸವತಿ.

ಉಂಡು ಕೈ ತೊಳೆದ ಕುರುಬ ಮೊದಲು ಮಾಡುವ ಕೆಲಸ ಹಿಂಡು ಎಣಿಸುವುದು. ಮಾವ ಬಾಯಿ ಒರೆಸಿಕೊಳ್ಳುತ್ತ ತೊಟ್ಟಿಯ ಮುಂದೆ ನಿಂತರು. ಬೆರಳು ಮಡಚಿದರು, ಮತ್ತೆ ಬಿಚ್ಚಿ ಮಡಚಿದರು.

"ಅನೀಲ, ಕಡಿಮಿ ಅವ."

"ಕಲ್ಲಿನ ಹಿಂದ ಮಲಗಿರ್ತಾವಪ್ಪಾ."

ಮಾವ ಗ್ರೂಪರನ್ನು ನೋಡಿದರು. ಅದು ಎರಡನೆಯದನ್ನೂ ಹಿಡಿದು ಇನ್ನೂ ಪೂರ್ತಿ ನುಂಗಿರಲಿಲ್ಲ. ಆ ಅಗಲ ಬಾಯಿಯ ತುದಿಯಲ್ಲಿ ಕಿತ್ತಳೆ ಬಣ್ಣದ ಬಾಲ ಹೊರಗಿತ್ತು, ಇನ್ನೂ ಅಲುಗುತ್ತಿತ್ತು.

  ಮಾವ ಹಣೆಗೆ ಕೈ ಹಚ್ಚಿ ನೆಲದ ಮೇಲೆ ಕುಸಿದು ಕೂತರು.

"ತ್ವಾಳ ತಂದು ಹಿಂಡಿನಾಗ ಬಿಟ್ನೆಲ್ಲೋ," ಎಂದರು. ಆಮೇಲೆ ತಲೆ ಎತ್ತಿ, "ನಿನಗ ಗೊತ್ತಿತ್ತೇನು?" ಎಂದು ಕೇಳಿದರು.

"ಗೊತ್ತಿತ್ತಪ್ಪಾ."

"ಗೊತ್ತಿದ್ದೂ ಯಾಕ ಬಿಟ್ಟಿ?"

ಅನೀಲ ನೆಲ ನೋಡಿದ. "ನೀ ಉಣಬೇಕಾಗಿತ್ತು," ಎಂದ.

ಮಾವನ ಗಡ್ಡ ನಡುಗಿತು. ಅಳುತ್ತಾರೆಂದು ನಾನಂದುಕೊಂಡೆ, ಆದರೆ ಅವರು ಬೈಯಲು ಶುರು ಮಾಡಿದರು.

"ಹುಚ್ಚ ಸೂಳೇಮಗನ! ಬಾಯಿ ಬಿಟ್ಟು ಹೇಳ್ಲಿಕ್ಕೆ ಏನಾಗಿತ್ತು ನಿನಗ?"

"ಹೇಳಿದ್ರ ನೀ ಎದ್ದು ಹೋಗ್ತಿದ್ದಿ."

"ಹೋಗ್ತಿದ್ದೆ! ಹೋಗಿ ನಾಕ ದಿನಾ ಸಿಟ್ಟಾಗಿ ಮತ್ತ ಬರ್ತಿದ್ದೆ. ಇವು ಬರ್ತಾವೇನು?"

 ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. "ಇನ್ನಾ ಎರಡು ಜೀವಾ ಉಳದಾವ್ರಿ. ನೀವಿಬ್ಬರೂ ಹಿಂಗೇ ಕುಂತ್ರ ಅವೂ ಉಳಿಯಂಗಿಲ್ಲ!" ಎಂದೆ.

ಆಗ ನಮ್ಮ ನಡುಮನೆಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಅನೀಲ ಬಲೆ ಹಿಡಿದು ಭುಜದವರೆಗೆ ನೀರಿನಲ್ಲಿ ಕೈ ಹಾಕಿದ. ಮಾವ ಧೋತ್ರ ಮೇಲೆ ಕಟ್ಟಿ, ಕುರ್ಚಿ ಹತ್ತಿ, ಜಾಲಿ ಹಿಡಿದು, "ಹುರ್ರ್! ಹುರ್ರ್!" ಎಂದು ಕುರಿ ಹೊಡೆದಂತೆ ಗ್ರೂಪರನ್ನು ಮೂಲೆಗೆ ಅಟ್ಟಿದರು. ಸಮುದ್ರದ ಅರ್ಧ ಪಾಲು ನನ್ನ ನೆಲದ ಮೇಲೆ ಬಂತು. ಅಂತೂ ಅದು ಬಲೆಗೆ ಬಿತ್ತು. ಅಷ್ಟಾದರೂ ಬಾಯಲ್ಲಿದ್ದದ್ದನ್ನು ಬಿಡಲಿಲ್ಲ, ನುಂಗಿಯೇ ತೀರಿತು. ಮೀಸಲಿಟ್ಟಿದ್ದ ಉಪ್ಪುನೀರಿನ ನೀಲಿ ಡ್ರಮ್ಮಿನಲ್ಲಿ ಗಾಳಿಯ ಕೊಳವೆ ಹಾಕಿ ಅದನ್ನು ಬಿಟ್ಟೆವು. ದೊಡ್ಡ ತೊಟ್ಟಿ ಇರುವವರು ಯಾರಾದರೂ ಸಿಗುವವರೆಗೆ ಅಲ್ಲೇ ಇರಲಿ ಎಂದು ಅನೀಲ ಹೇಳಿದ. ಮಾವ ಡ್ರಮ್ಮಿನೊಳಗೆ ಬಗ್ಗಿ ನೋಡಿ, "ಅದರದೇನು ತಪ್ಪು, ಆರಿಸಿದಾಂವ ನಾನು," ಎಂದರು.

ಆಮೇಲೆ ಅಪ್ಪ ಮಗ ಇಬ್ಬರೂ ಒದ್ದೆ ಬಟ್ಟೆಯಲ್ಲೇ ತೊಟ್ಟಿಯ ಮುಂದೆ ಕೂತರು. ಹಳದಿ ಮೀನು ಕಲ್ಲಿನ ಸಂದಿಯಿಂದ ಮೂತಿ ಹೊರಗೆ ಹಾಕುವುದನ್ನು ಕಾಯುತ್ತಿದ್ದರು. ಔರಾದಿನ ಕೊನೆಯ ಬಸ್ಸಿನ ಹೊತ್ತಾಯಿತು ಎಂದು ನಾನು ನೆನಪಿಸಿದೆ. ಮಾವ ಕೇಳಿಸದವರಂತೆ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು.

"ಮೇಘಾ, ಸಂಜೀ ಅಡಗಿಗಿ ಏನ್ ಮಾಡ್ತಿ? ಇವಗ ಈಗೀಗ ಏನು ಸೇರ್ತದ? ನನಗ ಗೊತ್ತಿಲ್ಲ."

ಮಗ ಅಲ್ಲೇ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ.

"ನನಗ್ಯಾಕ ಕೇಳ್ತೀರಿ ಮಾವಾ? ಬಾಜೂಕೇ ಕುಂತಾರ, ಅವರಿಗೇ ಕೇಳ್ರಿ," ಎಂದೆ.

ಮಾವ ಎರಡು ಸಲ ಗಂಟಲು ಸರಿಮಾಡಿಕೊಂಡು, ಮಗನ ಕಡೆ ತಿರುಗಿ ಕೇಳಿದರು.