ಗಿಡಕ್ಕೊಂದು ಗೇಣು ನೆಲ

ಅಮೆರಿಕದ ಮಾರ್ಗನ್ ಹಿಲ್‌ನ ಸಮುದಾಯ ತೋಟದಲ್ಲಿ ಲಿಂಗಮ್ಮನವರ ಪಾಲಿಗೆ ಬಂದಿದ್ದ ಮಡಿಯ ರೇಪ್‌ಸೀಡ್, ಅಂದರೆ ಎಣ್ಣೆಸಾಸಿವೆ, 1985ರ ಚಳಿಗೆ ಒಂದು ಗಿಡವೂ ಉಳಿಯದಂತೆ ಸತ್ತಿತು. ಈ ನೆಲಕ್ಕೆ ಅದು ಒಗ್ಗದು, ಮುಂದಿನ ಸಲವೂ ಹೀಗಾದರೆ ಮಡಿಯನ್ನು ಬೇರೆಯವರಿಗೆ ಕೊಡಲಾಗುವುದು ಎಂದು ತೋಟದ ಮೇಲ್ವಿಚಾರಕರು ತಿಳಿಸಿದರು. ಗದಗಿನಲ್ಲಿ ನಲವತ್ತು ವರ್ಷ ಬಿತ್ತಿ ಬೆಳೆದು ಮಗನ ಮನೆಗೆ ಬಂದಿದ್ದ ಲಿಂಗಮ್ಮನವರಿಗೆ ಈ ದೇಶದಲ್ಲಿ ತಮ್ಮದೆನ್ನಲು ಇದ್ದದ್ದು ಆ ಮಡಿಯೊಂದೇ. ಎಣ್ಣೆ ಗ್ರೋಸರಿಯಲ್ಲಿ ಸಿಗುತ್ತದೆ, ಟೊಮೇಟೊ ಹಾಕಿ ಸುಮ್ಮನಿರಿ ಎಂದು ಸೊಸೆ ಜಲಜಾ ಬೇಡಿಕೊಂಡರೂ ಅವರು ಬಗ್ಗಲಿಲ್ಲ. ಅದೇ ಬೆಳೆಯನ್ನು ಅದೇ ಮಡಿಯಲ್ಲಿ ನಿಲ್ಲಿಸಿ ತೋರಿಸುವೆನೆಂದು ಅಕ್ಟೋಬರಿನಲ್ಲಿ ಮತ್ತೆ ಬಿತ್ತಿದರು. ಅರ್ಧ ಸತ್ತರೂ ಅರ್ಧ ಉಳಿಯಲೆಂದು ಬೀಜವನ್ನು ಮೆಂತ್ಯದ ಸೊಪ್ಪಿಗೆ ಚೆಲ್ಲುವಂತೆ ದಟ್ಟವಾಗಿ ಚೆಲ್ಲಿದರು.

ಪಕ್ಕದ ಮಡಿಯ ವಸಂತಿ ಮಂಗಳೂರಿನವರು; ಬೀಜ ಪರೀಕ್ಷಾಲಯವೊಂದರಲ್ಲಿ ಅವರ ಕೆಲಸ. ಸಸಿಗಳು ನಾಲ್ಕೆಲೆ ಬಿಟ್ಟಾಗ, ಮುಕ್ಕಾಲು ಪಾಲನ್ನು ಕಿತ್ತುಹಾಕಬೇಕೆಂದು ಅವರು ಹೇಳಿದರು.

“ಹುಟ್ಟಿದ್ದನ್ನ ನನ್ನ ಕೈಲೆ ಕೀಳಂತೀಯೇನವಾ? ಚಳಿ ಕೊಲ್ಲೂದು ಸಾಲದಂತ ನಾನೂ ಕೊಲ್ಲಬೇಕೇನು?” ಎಂದರು ಲಿಂಗಮ್ಮ.

ವಸಂತಿ ಮಡಿಯ ನಡುವಿನಿಂದ ಒಂದು ಸಸಿಯನ್ನೂ, ಕಾಲುದಾರಿಯಂಚಿನಲ್ಲಿ ಒಂಟಿಯಾಗಿ ಬೆಳೆದಿದ್ದ ಇನ್ನೊಂದನ್ನೂ ಬೇರುಸಹಿತ ಅಗೆದು ಅವರ ಅಂಗೈಯಲ್ಲಿಟ್ಟರು.

“ಎರಡೂ ಒಂದೇ ದಿನ ಬಿತ್ತಿದ್ದು ಅಮ್ಮ. ಗುಂಪಲ್ಲಿದ್ದದ್ದು ಬೆಳಕಿಗೆ ಗುದ್ದಾಡಿ ಕುತ್ತಿಗೆ ಉದ್ದ ಮಾಡಿದೆ, ಸುಳಿ ನೆಲ ಬಿಟ್ಟು ಮೇಲೆ ಬಂದಿದೆ, ಬೇರಲ್ಲಿ ಏನೂ ಕೂಡಿಟ್ಟಿಲ್ಲ. ಚಳಿ ಮೊದಲು ಹಿಡಿಯುದು ಅದನ್ನೇ. ಒಂಟಿಯದ್ದರ ಸುಳಿ ನೆಲಕ್ಕೆ ಅಂಟಿ ಕೂತಿದೆ, ಬುಡ ಈಗಲೇ ಎರಡರಷ್ಟು ದಪ್ಪ. ನಿಮ್ಮ ನೆಲಕ್ಕೆ ಏನೂ ಆಗಿಲ್ಲ ಮಾರಾಯ್ರೆ.”

ಲಿಂಗಮ್ಮ ಎರಡನ್ನೂ ಬಹಳ ಹೊತ್ತು ತಿರುಗಿಸಿ ನೋಡಿದರು.

“ಅರ್ಧ ಮಡಿ ನಿನ್ನ ಮಾತಿಗೆ, ಅರ್ಧ ನನ್ನ ಕೈಗೆ. ಯಾರ್ದು ನಿಲ್ತದ ನೋಡೂಣು.”

ಅರ್ಧ ಮಡಿಯಲ್ಲಿ ಗಿಡದಿಂದ ಗಿಡಕ್ಕೆ ಒಂದು ಗೇಣು ಉಳಿಯಿತು. ಕಿತ್ತ ಸಸಿಗಳು ಪಲ್ಯವಾದವು.

ಜನವರಿಯಲ್ಲಿ ಮೂರು ದಿನ ನಲ್ಲಿಯ ನೀರೂ ಹೆಪ್ಪುಗಟ್ಟಿತು. ದಟ್ಟವಾಗಿದ್ದ ಅರ್ಧ ಕಪ್ಪಾಗಿ ಕೊಳೆತು ನೆಲಕ್ಕೊರಗಿತು. ಗೇಣು ಬಿಟ್ಟ ಅರ್ಧದಲ್ಲಿ ಹೊರಗಿನ ಎಲೆಗಳು ಸುಟ್ಟಿದ್ದರೂ ಒಳಗಿನ ಸುಳಿ ಹಸಿರಾಗಿ ಗಟ್ಟಿಯಾಗಿತ್ತು. ಮಡಿ ಬಿಟ್ಟುಕೊಡುವ ಕಾಗದ ಹಿಡಿದು ಬಂದ ಮೇಲ್ವಿಚಾರಕರನ್ನು ಲಿಂಗಮ್ಮ ನೇರವಾಗಿ ಆ ಸಾಲುಗಳ ಮುಂದೆ ನಿಲ್ಲಿಸಿ, ಜೊತೆಗೆ ಬಂದಿದ್ದ ಸೊಸೆಯತ್ತ ತಿರುಗಿದರು.

“ಜಲಜಾ, ಅವಗ ಹೇಳು. ತಪ್ಪು ನನ್ನ ಕೈದಿತ್ತು, ನಾನೇ ತಿದ್ದೀನಿ. ಮಡಿ ಬಿಡಂಗಿಲ್ಲ.”

ಟೊಮೇಟೊ ಹಾಕಿ ಎಂದಿದ್ದ ಜಲಜಾ ಒಂದು ಮಾತನ್ನೂ ಮೆತ್ತಗಾಗಿಸದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮೇಲ್ವಿಚಾರಕರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಓದುಗರೇ, ನಿಮ್ಮ ನೆಲಕ್ಕೆ ಈ ಬೆಳೆ ಬಾರದೆಂಬ ಮಾತನ್ನು ನಂಬುವ ಮೊದಲು ಮೊಣಕಾಲೂರಿ ಗಿಡದ ಬುಡ ನೋಡಿ. ಬೀಜವನ್ನು ತೆಳುವಾಗಿ ಬಿತ್ತಿ. ನಾಲ್ಕೆಲೆಯಾದೊಡನೆ ಗೇಣಿಗೊಂದನ್ನು ಉಳಿಸಿ ಮಿಕ್ಕದ್ದನ್ನು ಕೀಳಿ. ಕೀಳಲು ಮನಸ್ಸು ಒಪ್ಪದಿದ್ದರೂ ಕೀಳಿ. ಚಳಿಗೆ ನಿಮ್ಮ ಮಡಿಯನ್ನು ಬಿಟ್ಟುಕೊಡಬೇಡಿ.